ಮಣ್ಣು ಬಚ್ಚಿಟ್ಟ ಇಂಗಾಲಕ್ಕೆ ಲೆಕ್ಕ ಬರೆಯೋರು ಯಾರು?

ಎರೆ ಹೊಲ ಕಪ್ಪಗಿದೆ ಅಂದ ಮಾತ್ರಕ್ಕೆ ಅದರಲ್ಲಿ ಸತ್ವ ತುಂಬಿದೆ ಅಂತ ಅಲ್ಲ. ನಮ್ಮ ತಂಬ್ರಹಳ್ಳಿ ಹೋಬಳಿಯಲ್ಲಿ ಮಸಾರಿ ಹೊಲವೂ ಇದೆ, ಎರೆ ಹೊಲವೂ ಇದೆ. ಎರಡರ ಮಣ್ಣು ಆರೋಗ್ಯ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾವಯವ ಇಂಗಾಲದ ಸಾಲಿನಲ್ಲಿ ಎರಡಕ್ಕೂ ‘ಕಡಿಮೆ’ ಅಂತಲೇ ಬರೆದಿರುವುದು ನಮ್ಮ ಕಡೆ ಮಾಮೂಲಿ. ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಹೆಚ್ಚು ಅನ್ನುವುದು ಕಾರ್ಡಿನ ಲೆಕ್ಕ.

ಹಂಗಾದರೆ ಎರೆಗೆ ಆ ಕಪ್ಪು ಎಲ್ಲಿಂದ ಬಂತು? ಎರೆಯಲ್ಲಿ ಜೇಡಿ ಜಾಸ್ತಿ. ನೂರಕ್ಕೆ ಐವತ್ತು ಪಾಲು ದಾಟುವುದೂ ಉಂಟು. ಆ ಜೇಡಿಯ ಕಣಗಳು ಕೊಳೆತ ಗೊಬ್ಬರದ, ಬೇರಿನ ಸಾರವನ್ನು ಗಟ್ಟಿಯಾಗಿ ಹಿಡಿದುಕೊಂಡಿವೆ. ಹಿಡಿದುಕೊಂಡಿರುವುದು ಸ್ವಲ್ಪವೇ. ಆದರೆ ಹಿಡಿತ ಬಿಗಿ, ಬಣ್ಣ ಕಪ್ಪು. ಈ ಬಿಗಿ ಹಿಡಿತದಲ್ಲಿರುವ ಇಂಗಾಲಕ್ಕೆ ವಿಜ್ಞಾನಿಗಳು ‘ರಕ್ಷಿತ ಸಾವಯವ ಪದಾರ್ಥ’ ಅಂತಾರೆ. ನಾವು ‘ಮಣ್ಣು ಬಚ್ಚಿಟ್ಟ ಇಂಗಾಲ’ ಅನ್ನೋಣ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇವೆ ಅಂದರೆ, ಬಚ್ಚಿಟ್ಟ ಈ ಇಂಗಾಲಕ್ಕೆ ರೇಟು ಬಂದಿದೆ. ‘ಕಾರ್ಬನ್ ಕ್ರೆಡಿಟ್’ ಅನ್ನುವ ಮಾತು ಗೊಬ್ಬರದಂಗಡಿ ಕಟ್ಟೆಯವರೆಗೂ ಬಂದಿದೆ. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯ ರೈತರಿಗೂ ಕಾರ್ಬನ್ ಮಾರುಕಟ್ಟೆಯಲ್ಲಿ ಜಾಗ ಸಿಗಲಿ ಅಂತ ಒಂದು ಚೌಕಟ್ಟನ್ನು ಬಿಡುಗಡೆ ಮಾಡಿತು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗದಂತೆ ತಡೆದರೆ, ಇಲ್ಲವೇ ಗಾಳಿಯಿಂದ ಮಣ್ಣಿಗೆ ಇಳಿಸಿದರೆ, ಒಂದು ಕ್ರೆಡಿಟ್. ಅದನ್ನು ಕಂಪನಿಗಳು ಕೊಳ್ಳುತ್ತವೆ. ರೈತನಿಗೆ ಒಂದು ಪಾಲು.

ಪ್ರಶ್ನೆ ಒಂದೇ: ಮಣ್ಣಿಗೆ ಎಷ್ಟು ಇಳಿಯಿತು ಅಂತ ಹೇಳುವವರು ಯಾರು?

ನಮ್ಮ ದೊಡ್ಡಪ್ಪನ ಕಾಗದ

ನಮ್ಮ ದೊಡ್ಡಪ್ಪನದು ನಾಲ್ಕು ಎಕರೆ ಮಸಾರಿ. ಮಳೆ ನಂಬಿದ ಹೊಲ. ಮೊದಲು ಜೋಳ, ಶೇಂಗಾ; ಈಗ ಹತ್ತಾರು ವರ್ಷದಿಂದ ಮೆಕ್ಕೆಜೋಳ. ಒಂದು ದಿನ ಫೋನ್ ಮಾಡಿ, “ಪೇಪರ್‌ನೋರಲ್ಲೇನಪ, ಬಂದು ಇದೊಂದು ನೋಡಿ ಹೇಳು” ಅಂದರು. ಹೋದರೆ ಕೈಗೊಂದು ಕಾಗದ ಕೊಟ್ಟರು. ಯಾವುದೋ ಕಂಪನಿಯ ಹುಡುಗ ಬಂದು ಹೋಗಿದ್ದ. ಹತ್ತು ವರ್ಷದ ಒಪ್ಪಂದ. ದಂಟು ಸುಡಬಾರದು, ಗೊಬ್ಬರ ಹಾಕಬೇಕು, ಉಳುಮೆ ಕಡಿಮೆ ಮಾಡಬೇಕು. ಮೊದಲನೇ ವರ್ಷ ಒಂದು ಸಲ ಮಣ್ಣು ತೆಗೆದು ಪರೀಕ್ಷೆ. ಆಮೇಲೆ? “ಆಮೇಲೆ ಕಂಪ್ಯೂಟರ್ ಲೆಕ್ಕ ಹಾಕ್ತತಿ ಅಂದ” ಅಂದರು ದೊಡ್ಡಪ್ಪ.

“ಕಂಪ್ಯೂಟರಿಗೆ ನಮ್ ಹೊಲ ಗೊತ್ತೈತೇನಪ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ನಾವು ಈ ಬರಹಕ್ಕೆ ಬಂದು ನಿಂತಿದ್ದೇವೆ. ತಾಲ್ಲೂಕು ವರದಿಗಾರರಾದ ನಮಗೆ ದಿನ ಬೆಳಗಾದರೆ ಹಗರಿಬೊಮ್ಮನಹಳ್ಳಿ ಮಾರುಕಟ್ಟೆ ದರ, ಕರೆಂಟಿನ ಗೋಳು, ಹಿನ್ನೀರಿನ ಸುದ್ದಿ. ಮಣ್ಣಿನ ಇಂಗಾಲದ ಗಣಿತ ನಮ್ಮ ಡಿಪ್ಲೊಮಾದಲ್ಲಿ ಇರಲಿಲ್ಲ. ಆದರೂ ಇದು ನಮ್ಮ ಹೊಲದ ಲೆಕ್ಕ. ಬೇರೆಯವರು ಬರೆದ ಲೆಕ್ಕಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಬೇಕು.

ಪ್ರತಿ ವರ್ಷ ಮಣ್ಣು ತೆಗೆದೇ ಅಳೆಯಬಾರದೇ ಅಂತ ನೀವು ಕೇಳಬಹುದು. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ, ಅಂದರೆ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 850 ಟನ್. ಇಂಗಾಲ ನೂರಕ್ಕೆ 0.4 ಇದ್ದರೆ ಎಕರೆಗೆ ಸುಮಾರು 3.4 ಟನ್ ಆಯಿತು. ಹತ್ತು ವರ್ಷ ಕಷ್ಟಪಟ್ಟು ಅದನ್ನು 0.5ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಜಾಸ್ತಿ ಆಗಿದ್ದು 0.85 ಟನ್ ಇಂಗಾಲ. ಡೈಆಕ್ಸೈಡ್ ಲೆಕ್ಕಕ್ಕೆ 3.67ರಿಂದ ಗುಣಿಸಿದರೆ ಸುಮಾರು 3 ಟನ್. ಹತ್ತು ವರ್ಷಕ್ಕೆ ಎಕರೆಗೆ ಮೂರು ಕ್ರೆಡಿಟ್. ವರ್ಷಕ್ಕೆ ಆಗುವ ಏರಿಕೆ ಎಷ್ಟು ಸಣ್ಣದು ಅಂದರೆ, ಒಂದೇ ಹೊಲದ ಈ ಮೂಲೆಗೂ ಆ ಮೂಲೆಗೂ ಇರುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ತಿಪ್ಪೆ ಇದ್ದ ಜಾಗದ ಮಣ್ಣು ತೆಗೆದರೆ ಒಂದು ಲೆಕ್ಕ, ದಿಬ್ಬದ ಮಣ್ಣು ತೆಗೆದರೆ ಇನ್ನೊಂದು. ಅದಕ್ಕೇ ಕಂಪ್ಯೂಟರ್ ಮಾದರಿ ಬೇಕಾಗುತ್ತದೆ. ಅದು ಮೋಸವಲ್ಲ, ಅನಿವಾರ್ಯ. ಆದರೆ ಮಾದರಿಯ ಒಳಗೆ ಏನಿದೆ ಅಂತ ಗೊತ್ತಿರಬೇಕು.

ಐದು ಗಡಿಗೆಯ ಲೆಕ್ಕ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿಗಳಲ್ಲಿ ಒಂದರ ಹೆಸರು ರಾತ್‌ಸಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು. ಅಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ಲೆಕ್ಕ ಬರೆಯುತ್ತಾ ಬಂದಿದ್ದಾರೆ. 2020ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಲ್ಲ ದೇಶಗಳ ಮಣ್ಣಿನ ಇಂಗಾಲದ ನಕ್ಷೆಗೆ ಕೈಪಿಡಿ ಬರೆದಾಗ ಇದೇ ಮಾದರಿಯನ್ನು ಆರಿಸಿಕೊಂಡಿತು.

ಅಲ್ಲಿಯದೇ ಇನ್ನೊಂದು ಹೊಲದ ಕಥೆ ನಮಗೆ ಬಹಳ ಹಿಡಿಸಿತು. ಹೂಸ್‌ಫೀಲ್ಡ್ ಅನ್ನುವ ಬಾರ್ಲಿ ಹೊಲ. ಅದರ ಒಂದು ಪಟ್ಟಿಗೆ 1852ರಿಂದ 1871ರವರೆಗೆ, ಇಪ್ಪತ್ತು ವರ್ಷ, ಕೊಟ್ಟಿಗೆ ಗೊಬ್ಬರ ಹಾಕಿದರು. ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಆ ಪಟ್ಟಿಯಲ್ಲಿ, ಗೊಬ್ಬರ ಕಾಣದ ಪಕ್ಕದ ಪಟ್ಟಿಗಿಂತ ಹೆಚ್ಚು ಇಂಗಾಲ ಉಳಿದಿತ್ತು. ಮುತ್ತಜ್ಜ ಹಾಕಿದ ಗೊಬ್ಬರ ಮರಿಮಗನ ಕಾಲಕ್ಕೂ ಮಣ್ಣಿನಲ್ಲಿತ್ತು ಅಂದ ಹಾಗೆ. ಮಣ್ಣು ಬಚ್ಚಿಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ಲೆಕ್ಕಗಳನ್ನೆಲ್ಲ ಇಟ್ಟುಕೊಂಡು ಡೇವಿಡ್ ಜೆಂಕಿನ್ಸನ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಮಾದರಿ ಕಟ್ಟಿದರು. ಮೊದಲ ಮುಖ್ಯ ಬರಹ ಬಂದಿದ್ದು 1977ರಲ್ಲಿ. ಅದರಲ್ಲಿ ಮಣ್ಣಿನ ಇಂಗಾಲವನ್ನು ಐದು ಗಡಿಗೆಗಳಲ್ಲಿ ಇಟ್ಟ ಹಾಗೆ ಲೆಕ್ಕ ಮಾಡುತ್ತಾರೆ.

ಮೊದಲ ಗಡಿಗೆ ಬೇಗ ಕೊಳೆಯುವ ಹಸಿ ಎಲೆ, ಎಳೆ ದಂಟು. ಇದು ಕೆಲವೇ ತಿಂಗಳಲ್ಲಿ ಖಾಲಿ. ಎರಡನೆಯದು ಗಟ್ಟಿ ದಂಟು, ಕೂಳೆ, ಬೇರು. ಇದಕ್ಕೆ ಮೂರ್ನಾಲ್ಕು ವರ್ಷ. ಮೂರನೆಯದು ಮಣ್ಣಿನ ಜೀವಾಣುಗಳು. ನಾಲ್ಕನೆಯದು ಹ್ಯೂಮಸ್, ಪೂರಾ ಕಳಿತು ಮಣ್ಣಿನ ಜೊತೆ ಬೆರೆತ ಭಾಗ. ಇಂಗ್ಲೆಂಡಿನ ಹವೆಯಲ್ಲಿ ಇದು ವರ್ಷಕ್ಕೆ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ ಕರಗುತ್ತದೆ. ಐದನೆಯದು ಏನೂ ಆಗದ ಜಡ ಇಂಗಾಲ.

ಎಲ್ಲ ಗಡಿಗೆಗಳ ತಳದಲ್ಲೂ ಒಂದೊಂದು ಗೇಟ್ ವಾಲ್ವ್ ಇದೆ ಅಂದುಕೊಳ್ಳಿ. ಐದನೆಯದರದು ಮಾತ್ರ ಪೂರಾ ಬಂದ್. ಉಳಿದವುಗಳ ವಾಲ್ವ್ ಎಷ್ಟು ತಿರುವಬೇಕು ಅನ್ನುವ ಅಂಕಿಯೇ ನಿಯತಾಂಕ. ಆ ಅಂಕಿ ಬದಲಾದರೆ ಹತ್ತು ವರ್ಷದ ಮೇಲಿನ ಉತ್ತರ ಬದಲಾಗುತ್ತದೆ. ಉತ್ತರ ಬದಲಾದರೆ ದೊಡ್ಡಪ್ಪನ ಖಾತೆಗೆ ಬೀಳುವ ದುಡ್ಡೂ ಬದಲಾಗುತ್ತದೆ.

ಕೊಟ್ಟಿಗೆ ಗೊಬ್ಬರ ಹಾಕಿದರೆ ಮಾದರಿ ಅದನ್ನು ಹೀಗೆ ಹಂಚುತ್ತದೆ: ನೂರಕ್ಕೆ 49 ಪಾಲು ಮೊದಲ ಗಡಿಗೆಗೆ, 49 ಎರಡನೆಯದಕ್ಕೆ, 2 ಪಾಲು ನೇರ ಹ್ಯೂಮಸ್ ಗಡಿಗೆಗೆ. ಬೆಳೆಯ ದಂಟು, ಬೇರು ಆದರೆ 59 ಮತ್ತು 41. ಅವು ಕೊಳೆಯುತ್ತಾ ಬಹುಪಾಲು ಗಾಳಿಗೆ ಹೋಗುತ್ತವೆ, ಸ್ವಲ್ಪ ಜೀವಾಣು ಮತ್ತು ಹ್ಯೂಮಸ್ ಗಡಿಗೆಗೆ ಸೇರುತ್ತದೆ.

ಅಲ್ಲಿಯ ಚಳಿ, ಇಲ್ಲಿಯ ಬಿಸಿಲು

ರಾಥಮ್‌ಸ್ಟೆಡ್‌ನ ಹವೆಯನ್ನೇ ಅಳತೆಗೋಲು ಮಾಡಿಕೊಂಡು, ಅಲ್ಲಿ ಇಂಗಾಲ ಕರಗುವ ವೇಗ ‘ಒಂದು’ ಅಂತ ಈ ಮಾದರಿ ಇಟ್ಟುಕೊಂಡಿದೆ. ಅಲ್ಲಿಯ ವರ್ಷದ ಸರಾಸರಿ ಉಷ್ಣತೆ ಸುಮಾರು 9 ಡಿಗ್ರಿ. ನಮ್ಮ ಕಡೆಗೆ 27 ಡಿಗ್ರಿ ಅಂತ ಹಾಕಿ ಅದೇ ಸೂತ್ರಕ್ಕೆ ಕೊಟ್ಟರೆ ವೇಗ 4.2 ಪಟ್ಟು ಆಗುತ್ತದೆ. ಒಂದೇ ಗಾಡಿ ಗೊಬ್ಬರ ಅಲ್ಲಿ ನಾಲ್ಕು ವರ್ಷದಲ್ಲಿ ಕರಗಿದರೆ ಇಲ್ಲಿ ಒಂದೇ ವರ್ಷಕ್ಕೆ ಮುಗಿದ ಹಾಗೆ.

ಆದರೆ ಮಾದರಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಳೆಯಲು ಬಿಸಿಯ ಜೊತೆ ತೇವವೂ ಬೇಕು. ನಮ್ಮ ಮಾರ್ಚಿ, ಏಪ್ರಿಲ್ ತಿಂಗಳಲ್ಲಿ ಹೊಲದಲ್ಲಿ ತೇವ ಎಲ್ಲಿಂದ ಬರಬೇಕು? ಪೂರ್ತಿ ಒಣಗಿದ ಮಣ್ಣಿಗೆ ಮಾದರಿ ವೇಗವನ್ನು 0.2ಕ್ಕೆ ಇಳಿಸುತ್ತದೆ. 4.2 ಗುಣಿಸು 0.2 ಅಂದರೆ 0.84. ಅಂದರೆ ಪೂರಾ ಒಣಗಿದ ಮಣ್ಣಿನಲ್ಲಿ ಇಂಗಾಲ ಕರಗುವ ವೇಗ ಇಂಗ್ಲೆಂಡಿನದರ ಹತ್ತಿರಕ್ಕೆ ಇಳಿಯುತ್ತದೆ. ಹೊಲದಲ್ಲಿ ಬೆಳೆ ನಿಂತಿದ್ದರೆ ಇನ್ನೂ ಕಡಿಮೆ, 0.6ರಿಂದ ಗುಣಿಸುತ್ತಾರೆ. ನಿಜವಾದ ಕರಗುವಿಕೆ ನಡೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ, ಬಿಸಿಯೂ ತೇವವೂ ಒಟ್ಟಿಗೆ ಇರುವಾಗ. ಹೊಸ ಮಳೆ ಬಿದ್ದ ದಿನ ಬರುವ ಮಣ್ಣಿನ ವಾಸನೆ ಎಲ್ಲರಿಗೂ ಗೊತ್ತು. ಅದು ಜೀವಾಣುಗಳು ಮಾಡಿಟ್ಟ ಪದಾರ್ಥದ ವಾಸನೆ. ಅದೇ ಮಳೆಗೆ ಅವು ಎಚ್ಚರಗೊಂಡು ಮತ್ತೆ ಉಣ್ಣಲು ಶುರು ಮಾಡುತ್ತವೆ.

ಇಲ್ಲಿಯವರೆಗೆ ಮಾದರಿ ಜಾಣ. ತೊಡಕು ಬರುವುದು ಬಚ್ಚಿಟ್ಟ ಇಂಗಾಲದ ವಿಷಯದಲ್ಲಿ.

ಹಗೇವಿನ ಜೋಳ, ಅಂಗಳದ ಜೋಳ

ನಮ್ಮ ಅಜ್ಜಂದಿರ ಕಾಲದಲ್ಲಿ ಜೋಳ ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಗುಂಡಿ, ಒಳಗೆ ದಂಟಿನ ಹೊದಿಕೆ, ಮೇಲೆ ಮಣ್ಣು ಮುಚ್ಚಿ ಗಾಳಿ ಆಡದ ಹಾಗೆ ಮಾಡಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಅದೇ ಜೋಳ ಅಂಗಳದಲ್ಲಿ ಹರವಿದ್ದರೆ ಹಕ್ಕಿ, ಇರುವೆ, ಮಳೆ ಎಲ್ಲದಕ್ಕೂ ಪಾಲು. ಜೋಳ ಒಂದೇ. ಇಟ್ಟ ಜಾಗ ಬೇರೆ.

ಮಣ್ಣಿನಲ್ಲೂ ಹಂಗೇ. ಇಂಗಾಲ ಎಷ್ಟು ದಿನ ಉಳಿಯುತ್ತದೆ ಅನ್ನುವುದು ಅದು ಎಂಥ ಪದಾರ್ಥ ಅನ್ನುವುದರ ಮೇಲೆ ಮಾತ್ರವಲ್ಲ, ಎಲ್ಲಿ ಕೂತಿದೆ ಅನ್ನುವುದರ ಮೇಲೂ ನಿಂತಿದೆ. ಹಿಡಿತ ಮೂರು ಬಗೆ. ಒಂದು, ಸಣ್ಣ ಹೆಂಟೆಯ ಒಳಗೆ ಸಿಕ್ಕಿಕೊಂಡಿದ್ದು. ಗಾಳಿ, ಜೀವಾಣು ಒಳಗೆ ಹೋಗಲಾರವು. ಇದೇ ಹಗೇವು. ಎರಡು, ಜೇಡಿ ಕಣಕ್ಕೆ ಅಂಟಿಕೊಂಡಿದ್ದು. ಮೂರು, ಪದಾರ್ಥವೇ ಜೀವಾಣುವಿಗೆ ಅರಗದಂಥದ್ದು, ಇದ್ದಿಲಿನ ಹಾಗೆ. 2002ರಲ್ಲಿ ಯೋಹಾನ್ ಸಿಕ್ಸ್ ಮತ್ತು ಸಂಗಡಿಗರು ಈ ಮೂರೂ ಬಗೆಯನ್ನು ಬಿಡಿಸಿ ಬರೆದರು. ಆಮೇಲೆ ಮಾದರಿ ಮಾಡುವವರಲ್ಲಿ ಈ ಚರ್ಚೆ ಜೋರಾಯಿತು.

ಈಗ ರಾತ್‌ಸಿ ಮಾದರಿ ಈ ಹಿಡಿತವನ್ನು ಎಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ನೋಡೋಣ. ಮುಖ್ಯವಾಗಿ ಒಂದೇ ಕಡೆ: ಜೇಡಿಯ ಪ್ರಮಾಣ. ಕೊಳೆತದ್ದರಲ್ಲಿ ಎಷ್ಟು ಪಾಲು ಗಾಳಿಗೆ, ಎಷ್ಟು ಪಾಲು ಮಣ್ಣಿಗೆ ಅನ್ನುವುದನ್ನು ಜೇಡಿ ನಿರ್ಧರಿಸುತ್ತದೆ. ನಾವು ಸೂತ್ರಕ್ಕೆ ಅಂಕಿ ಹಾಕಿ ನೋಡಿದೆವು. ಜೇಡಿ ನೂರಕ್ಕೆ 10 ಇರುವ ಮರಳು ಮಸಾರಿಯಲ್ಲಿ ನೂರಕ್ಕೆ 19 ಪಾಲು ಮಣ್ಣಿನಲ್ಲಿ ಉಳಿಯುತ್ತದೆ. ಜೇಡಿ 50 ಇರುವ ಎರೆಯಲ್ಲಿ 24 ಪಾಲು. ಜೇಡಿ ಐದು ಪಟ್ಟಾದರೂ ವ್ಯತ್ಯಾಸ ಐದೇ ಪಾಲು.

ಅದಾದ ಮೇಲೆ ಹ್ಯೂಮಸ್ ಗಡಿಗೆಗೆ ಸೇರಿದ ಇಂಗಾಲ ಎರೆಯಲ್ಲೂ ಮಸಾರಿಯಲ್ಲೂ ಒಂದೇ ವಾಲ್ವಿನಿಂದ ಸೋರುತ್ತದೆ. ಹೆಂಟೆ ಒಡೆಯಿತೋ ಇಲ್ಲವೋ, ರೋಟವೇಟರ್ ಹೊಡೆಸಿದಿರೋ ಕುಂಟೆ ಹೊಡೆದಿರೋ, ಮಾದರಿಗೆ ಅದು ಗೊತ್ತಿಲ್ಲ. ಜೇಡಿ ಯಾವ ಜಾತಿಯದು ಅನ್ನುವುದೂ ಗೊತ್ತಿಲ್ಲ. ನಮ್ಮ ಎರೆಯ ಜೇಡಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಜಾತಿ. ಮಸಾರಿಯ ಜೇಡಿ ಹಂಗಲ್ಲ, ಉಬ್ಬುವುದಿಲ್ಲ, ಅದರ ಹಿಡಿತವೂ ಬೇರೆ.

ಅಮೆರಿಕದ ಕೊಲರಾಡೊದಲ್ಲಿ ವಿಲಿಯಂ ಪಾರ್ಟನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಸೆಂಚುರಿ ಮಾದರಿ ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಚುರುಕು, ನಿಧಾನ, ಜಡ ಅಂತ ಮೂರು ಗಡಿಗೆ. ಚುರುಕು ಗಡಿಗೆ ಕರಗುವ ವೇಗವನ್ನೇ ಮಣ್ಣಿನ ನಯ ತಗ್ಗಿಸುತ್ತದೆ. ಮಹಾರಾಷ್ಟ್ರದ ಅಕೋಲಾದ ಎರೆ ಹೊಲದಲ್ಲಿ ನಡೆದ ದೀರ್ಘಕಾಲದ ಗೊಬ್ಬರ ಪ್ರಯೋಗದ ಲೆಕ್ಕದ ಮೇಲೆ ನಮ್ಮ ದೇಶದ ವಿಜ್ಞಾನಿಗಳು ಸೆಂಚುರಿಯನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ದೂರದ ನೆಲದಲ್ಲಿ ಹುಟ್ಟಿದ ಮಾದರಿಯನ್ನು ಇಲ್ಲಿಯ ಮಣ್ಣಿಗೆ ಒರೆಗೆ ಹಚ್ಚುವುದು ಅಂದರೆ ಇದೇ.

ವಾಲ್ವ್ ತಿರುವುವ ಕೈ ಯಾರದು

ಬಚ್ಚಿಟ್ಟ ಇಂಗಾಲ ಸರಿಯಾಗಿ ಲೆಕ್ಕಕ್ಕೆ ಬರಬೇಕು ಅಂದರೆ ನಿಯತಾಂಕ ತಿದ್ದಬೇಕು. ಸುಲಭದ ದಾರಿ, ಹ್ಯೂಮಸ್ ಗಡಿಗೆಯ ವಾಲ್ವ್ ಸ್ವಲ್ಪ ಬಿಗಿ ಮಾಡುವುದು. ಅದರಿಂದ ಏನಾಗುತ್ತದೆ ಅಂತ ನಾವೇ ಲೆಕ್ಕ ಹಾಕಿದೆವು. ನಮ್ಮ ಕಡೆಗೆ ಬಿಸಿ 4.2, ತೇವ ಸರಾಸರಿ 0.5, ಬೆಳೆ ಹೊದಿಕೆ 0.8 ಅಂತ ಇಟ್ಟುಕೊಳ್ಳೋಣ. ಗುಣಿಸಿದರೆ ವೇಗ ಸುಮಾರು 1.7 ಪಟ್ಟು. ಹ್ಯೂಮಸ್ ಗಡಿಗೆಯಲ್ಲಿ ಇವತ್ತು 100 ಕಿಲೊ ಇದ್ದರೆ, ಇಂಗ್ಲೆಂಡಿನ 0.02 ಅಂಕಿಯನ್ನೇ ಇಟ್ಟರೆ, ಇಪ್ಪತ್ತು ವರ್ಷದ ಮೇಲೆ 51 ಕಿಲೊ ಉಳಿಯುತ್ತದೆ. ‘ನಮ್ಮ ಎರೆ ಬಿಗಿಯಾಗಿ ಹಿಡಿಯುತ್ತದೆ’ ಅಂತ ಆ ಅಂಕಿಯನ್ನು 0.01ಕ್ಕೆ ಇಳಿಸಿದರೆ 71 ಕಿಲೊ.

ಹೊಲ ಅದೇ, ಗೊಬ್ಬರ ಅದೇ, ಮಳೆ ಅದೇ. ಒಂದು ಅಂಕಿ ತಿದ್ದಿದ್ದಕ್ಕೆ 20 ಕಿಲೊ ಹೆಚ್ಚಾಯಿತು. ಕ್ರೆಡಿಟ್ ಮಾರುವವನ ಕೈಯಲ್ಲಿ ಆ ವಾಲ್ವ್ ಇದ್ದರೆ ಅವನು ಯಾವ ಕಡೆ ತಿರುವುತ್ತಾನೆ ಅನ್ನುವುದು ಹೇಳಬೇಕಾಗಿಲ್ಲ. ಕೊಳ್ಳುವವನ ಕೈಯಲ್ಲಿದ್ದರೆ ಇನ್ನೊಂದು ಕಡೆ. ರೈತನ ಕೈಯಂತೂ ಅಲ್ಲಿಗೆ ಎಟಕುವುದಿಲ್ಲ.

ಹಂಗಂತ ತಿದ್ದಲೇಬಾರದು ಅಂತಲ್ಲ. ತಿದ್ದದೆ ಇದ್ದರೆ ಎರೆ ಹೊಲದವನಿಗೆ ಅನ್ಯಾಯ ಆಗಬಹುದು. ಅವನ ಮಣ್ಣು ಹಿಡಿದಿಟ್ಟದ್ದು ಲೆಕ್ಕಕ್ಕೇ ಬರದೆ ಹೋಗಬಹುದು. ತಿದ್ದುವುದಾದರೆ ಅಳೆದು ತಿದ್ದಬೇಕು. ಅಳೆಯುವ ದಾರಿ ಇದೆ. ಮಣ್ಣನ್ನು ಒಂದು ರಾಸಾಯನಿಕದ ನೀರಿನಲ್ಲಿ ಕಲಕಿ ಹೆಂಟೆ ಬಿಡಿಸಿ, 53 ಮೈಕ್ರಾನ್ ಜರಡಿ ಹಿಡಿಯುತ್ತಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಜರಡಿ ಮೇಲೆ ನಿಂತಿದ್ದು ಮರಳು ಮತ್ತು ಬಿಡಿ ಕಸ, ಬೇರಿನ ಚೂರು. ಇದು ಅಂಗಳದ ಜೋಳ. ಕೆಳಗೆ ಇಳಿದದ್ದು ಜೇಡಿಗೆ ಅಂಟಿದ ಇಂಗಾಲ. ಎರಡನ್ನೂ ಬೇರೆ ಬೇರೆ ಅಳೆದು ಗಡಿಗೆಗಳನ್ನು ಆ ಅಳತೆಗೆ ತುಂಬಬೇಕು. ಸ್ವಿಟ್ಜರ್ಲೆಂಡಿನ ಮಣ್ಣುಗಳ ಮೇಲೆ ಝಿಮ್ಮರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಹೀಗೆಯೇ, ಜರಡಿ ಹಿಡಿದ ಪಾಲುಗಳನ್ನು ರಾತ್‌ಸಿಯ ಗಡಿಗೆಗಳಿಗೆ ಹೊಂದಿಸಿ ತೋರಿಸಿದರು.

ಇದು ಯಾಕೆ ಮುಖ್ಯ ಅಂದರೆ, ಬರೀ ಒಟ್ಟು ಇಂಗಾಲ ನೋಡಿ ಅಂಕಿ ತಿದ್ದಿದರೆ ಮೋಸ ಹೋಗುವುದು ಸುಲಭ. ಜೇಬಿನಲ್ಲಿ ನೂರು ರೂಪಾಯಿ ಇದೆ ಅಂದರೆ ಎರಡು ಐವತ್ತರ ನೋಟೂ ಇರಬಹುದು, ಹತ್ತು ಹತ್ತರ ನೋಟೂ ಇರಬಹುದು. ಒಟ್ಟು ಒಂದೇ. ನಮ್ಮ ಕಾರ್ಡಿನಲ್ಲಿ ಬರೆದ 0.4 ಕೂಡ ಹಂಗೇ. ಅದರಲ್ಲಿ ಎಷ್ಟು ಹಗೇವಿನದು, ಎಷ್ಟು ಅಂಗಳದ್ದು ಅಂತ ಕಾರ್ಡ್ ಹೇಳುವುದಿಲ್ಲ. 2015ರಲ್ಲಿ ಶುರುವಾದ ಕಾರ್ಡ್ ಯೋಜನೆಯಲ್ಲಿ 12 ಅಂಶ ಅಳೆಯುತ್ತಾರೆ. ಇಂಗಾಲ ಅದರಲ್ಲಿ ಒಂದು ಸಾಲು, ಅಷ್ಟೇ.

ಅಳೆಯುವ ವಿಧಾನದಲ್ಲೂ ಸೂಕ್ಷ್ಮ ಇದೆ. ನಮ್ಮಲ್ಲಿ ಬಳಕೆಯಲ್ಲಿರುವುದು 1934ರ ವಾಕ್ಲಿ-ಬ್ಲ್ಯಾಕ್ ವಿಧಾನ. ಅದು ಇರುವ ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ. ಸರಾಸರಿ ನೂರಕ್ಕೆ 77 ಪಾಲು ಹಿಡಿಯುತ್ತದೆ ಅಂತ ಇಟ್ಟುಕೊಂಡು 1.3ರಿಂದ ಗುಣಿಸುವುದು ರೂಢಿ. ಬಿಟ್ಟು ಹೋಗುವ ಪಾಲಿನಲ್ಲಿ ಇದ್ದಿಲಿನಂಥ ಅರಗದ ಇಂಗಾಲವೂ ಸೇರಿದೆ. ಇನ್ನೊಂದು ವಿಧಾನದಲ್ಲಿ ಮಣ್ಣನ್ನು ಸುಟ್ಟು ಅಳೆಯುತ್ತಾರೆ. ಎರೆಯಲ್ಲಿ ಬೆಳ್ಳಗೆ ಸಿಗುವ ಸುಣ್ಣದ ಹರಳುಗಳಲ್ಲೂ ಇಂಗಾಲ ಇದೆ. ಅದನ್ನು ಕಳೆಯದೆ ಸುಟ್ಟರೆ ಸುಣ್ಣವೂ ಗೊಬ್ಬರದ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊದಲ ವರ್ಷ ಒಂದು ವಿಧಾನ, ಹತ್ತನೇ ವರ್ಷ ಇನ್ನೊಂದು ವಿಧಾನ ಹಿಡಿದರೆ ಏರಿಕೆಯೂ ಸುಳ್ಳು, ಇಳಿಕೆಯೂ ಸುಳ್ಳು.

ನಮ್ಮ ನೆಲದ ಸಾಕ್ಷಿಗಳು

ತಿದ್ದಿದ ಮಾದರಿ ಸರಿ ಇದೆಯೋ ಇಲ್ಲವೋ ಅಂತ ಒರೆಗೆ ಹಚ್ಚಲು ನಮ್ಮ ಸುತ್ತಲೇ ಹೊಲಗಳಿವೆ. ಬೆಂಗಳೂರಿನಲ್ಲಿ ರಾಗಿ ಹೊಲಗಳ ಮೇಲೆ ದಶಕಗಟ್ಟಲೆ ಗೊಬ್ಬರದ ಪ್ರಯೋಗ ನಡೆದಿದೆ. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇದೆ, ಅದರ ಕೆಲಸ ಎರೆ ನೆಲದ್ದೇ. ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ.

ಪಕ್ಕದ ಅನಂತಪುರದ ಲೆಕ್ಕ ನಮ್ಮ ಮಸಾರಿಗೆ ಬಹಳ ಹತ್ತಿರದ್ದು. ಅಲ್ಲಿ ಕೆಂಪು ಮಣ್ಣಿನ ಶೇಂಗಾ ಹೊಲದಲ್ಲಿ 20 ವರ್ಷ ಪ್ರಯೋಗ ಮಾಡಿದ ಶ್ರೀನಿವಾಸರಾವ್ ಮತ್ತು ಸಂಗಡಿಗರು, ಇರುವ ಇಂಗಾಲ ಕಡಿಮೆಯಾಗದೆ ಉಳಿಯಬೇಕು ಅಂದರೂ ವರ್ಷಕ್ಕೆ ಹೆಕ್ಟೇರಿಗೆ 1.12 ಟನ್ ಇಂಗಾಲ ಮಣ್ಣಿಗೆ ಬೀಳಬೇಕು ಅಂತ ಕಂಡುಕೊಂಡರು. ಎಕರೆಗೆ ಸುಮಾರು 450 ಕಿಲೊ. ಏರಿಸಲು ಅಲ್ಲ, ಬರೀ ಉಳಿಸಿಕೊಳ್ಳಲು. ದನ ಮಾರಿ, ದಂಟು ಸುಟ್ಟು, ಕೂಳೆಯನ್ನೂ ಬಿಡದ ಹೊಲದಲ್ಲಿ ಅಷ್ಟು ಬೀಳುತ್ತದೆಯೇ? ನೀವೇ ಯೋಚಿಸಿ.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಎರೆ ಹೊಲದ ಪ್ರಯೋಗ 1976ರಲ್ಲಿ ಶುರುವಾಯಿತು. ಸಾಲು ಏರಿ, ನೀರು ಹರಿಯುವ ಕಾಲುವೆ, ಜೋಳ-ತೊಗರಿಯಂಥ ಎರಡು ಬೆಳೆ, ಸರಿಯಾದ ಗೊಬ್ಬರ ಒಂದು ಕಡೆ. ಹಳೇ ಪದ್ಧತಿ ಇನ್ನೊಂದು ಕಡೆ. 24 ವರ್ಷದ ಮೇಲೆ ನಾಲ್ಕಡಿ ಆಳದವರೆಗೆ ಅಳೆದರೆ ಸುಧಾರಿಸಿದ ಹೊಲದಲ್ಲಿ ಹೆಕ್ಟೇರಿಗೆ 46.8 ಟನ್ ಇಂಗಾಲ, ಹಳೇ ಪದ್ಧತಿಯಲ್ಲಿ 39.5 ಟನ್. ಎರೆ ಹಿಡಿಯುತ್ತದೆ, ಆದರೆ ಕಾಲು ಶತಮಾನ ಬೇಕು. ಆಳದ ಬೇರು ಬಿಡುವ ಇಂಗಾಲವೂ ಲೆಕ್ಕಕ್ಕೆ ಬರಬೇಕು. ಅರ್ಧ ಅಡಿ ಮಣ್ಣು ತೆಗೆದು ಅಳೆಯುವವರಿಗೆ ಅದು ಕಾಣುವುದೇ ಇಲ್ಲ.

ಮಣ್ಣಿನಲ್ಲಿ ಜಾಗ ಎಷ್ಟಿದೆ ಅನ್ನುವುದಕ್ಕೂ ಒಂದು ಅಂದಾಜಿದೆ. ನೆದರ್‌ಲ್ಯಾಂಡ್ಸ್‌ನ ಹಾಸಿಂಕ್ 1997ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಜೇಡಿ ಮತ್ತು ನಯ ಮಣ್ಣು ಸೇರಿ ನೂರಕ್ಕೆ 20 ಇದ್ದರೆ ಅವು ನೂರಕ್ಕೆ 1.15ರಷ್ಟು ಇಂಗಾಲ ಹಿಡಿಯಬಲ್ಲವು. 70 ಇದ್ದರೆ 3ರಷ್ಟು. ನಮ್ಮದು 0.4, 0.5. ಹಗೇವು ದೊಡ್ಡದಿದೆ, ಜೋಳ ಇಲ್ಲ. ನಮ್ಮ ಬಿಸಿಲಿಗೆ ಅದು ಪೂರ್ತಿ ತುಂಬುತ್ತದೆ ಅಂತ ಯಾರೂ ಮಾತು ಕೊಡಲಾರರು. ಖಾಲಿ ಇರುವುದಂತೂ ನಿಜ.

ಇಲ್ಲಿ ನಮ್ಮ ಹಿರಿಯರ ಒಂದು ರೂಢಿ ನೆನಪಿಗೆ ಬರುತ್ತದೆ. ಮಸಾರಿ ಹೊಲಕ್ಕೆ ಕೆರೆಗೋಡು ಹೊಡೆಸುವುದು. ಕೆರೆ ಒಣಗಿದಾಗ ಹೂಳು ತುಂಬಿ ತಂದು ಹರವುತ್ತಿದ್ದರು. ಗೋಡಿನಲ್ಲಿ ಇರುವುದು ಜೇಡಿ. ಮರಳು ಮಸಾರಿಗೆ ಜೇಡಿ ಸೇರಿಸುವುದು ಅಂದರೆ ಹಗೇವು ಅಗೆದ ಹಾಗೆ. ಅದರ ಜೊತೆ ಕುರಿ ಮಂದೆ ತರುಬಿಸಿದರೆ, ತಿಪ್ಪೆ ಗೊಬ್ಬರ ಹೊಡೆದರೆ ಹಗೇವಿಗೆ ಕಾಳು ಹಾಕಿದ ಹಾಗೆ. ರಾತ್‌ಸಿ ಮಾದರಿಯಲ್ಲಿ ಜೇಡಿಯ ಅಂಕಿಯನ್ನು ಒಂದು ಸಲ ಕೊಟ್ಟರೆ ಮುಗಿಯಿತು, ಅದು ಹೊಲದ ಹಣೆಬರಹ ಅನ್ನುವ ಹಾಗೆ ಲೆಕ್ಕ ನಡೆಯುತ್ತದೆ. ನಮ್ಮ ರೈತರು ಹಣೆಬರಹವನ್ನೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಬದಲಾಯಿಸುತ್ತಾರೆ. ಇದನ್ನು ಕಂಪ್ಯೂಟರಿಗೆ ಹೇಳುವವರು ಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಬದುವಿನ ಹುಲ್ಲಿನ ಬುಡದಿಂದ ಒಂದು ಹೆಂಟೆ, ರೋಟವೇಟರ್ ಹೊಡೆಸಿದ ಹೊಲದಿಂದ ಒಂದು ಹೆಂಟೆ. ಎರಡನ್ನೂ ಒಣಗಿಸಿ ಎರಡು ಗ್ಲಾಸ್ ನೀರಿನಲ್ಲಿ ಮೆಲ್ಲಗೆ ಬಿಡಿ. ಒಂದು ಬೇಗ ಕುಸಿದು ರಾಡಿ ಆದರೆ ಅದರ ಹಗೇವು ಒಡೆದಿದೆ ಅಂತ ತಿಳಿಯಿರಿ. ನಾವು ದೊಡ್ಡಪ್ಪನ ಹೊಲದ್ದನ್ನು ಮಾಡಿ ನೋಡಿದೆವು. ಹೊಲದ ಹೆಂಟೆ ಚಹಾ ಕುಡಿಯುವುದರೊಳಗೆ ಕರಗಿತು. ಬದುವಿನದು ಹಂಗೇ ಕೂತಿತ್ತು. ದೊಡ್ಡಪ್ಪ ಬಹಳ ಹೊತ್ತು ಗ್ಲಾಸ್ ನೋಡಿ, “ಎರಡೂ ನಮ್ಮವ” ಅಂದರು.

ಸಹಿಗೆ ಮುಂಚೆ ಕೇಳಬೇಕಾದ್ದು

ಕಾಗದ ಹಿಡಿದು ಬರುವವರೆಲ್ಲ ಮೋಸಗಾರರಲ್ಲ. ದಂಟು ಸುಡಬೇಡಿ, ಉಳುಮೆ ಕಡಿಮೆ ಮಾಡಿ ಅನ್ನುವುದು ಒಳ್ಳೆಯ ಮಾತೇ. ಕ್ರೆಡಿಟ್ ಬಂದರೂ ಬರದಿದ್ದರೂ ಹೊಲಕ್ಕೆ ಅದರಿಂದ ಲಾಭ ಇದೆ: ನೀರು ಹಿಡಿಯುತ್ತದೆ, ಮಳೆ ಹತ್ತು ದಿನ ತಡವಾದರೂ ಬೆಳೆ ತಡೆಯುತ್ತದೆ. ಆದರೆ ಹತ್ತು ವರ್ಷದ ಸಹಿಗೆ ಮುಂಚೆ ಕೆಲವು ಮಾತು ಕೇಳಿ.

ಯಾವ ಮಾದರಿಯಲ್ಲಿ ಲೆಕ್ಕ ಹಾಕುತ್ತೀರಿ? ಅದರ ಅಂಕಿಗಳನ್ನು ನಮ್ಮಂಥ ಮಣ್ಣಿನ ಯಾವ ಪ್ರಯೋಗದ ಹೊಲದ ಮೇಲೆ ಒರೆಗೆ ಹಚ್ಚಿದ್ದೀರಿ? ಎರೆಗೂ ಮಸಾರಿಗೂ ಒಂದೇ ಅಂಕಿಯೋ, ಬೇರೆ ಬೇರೆಯೋ? ಮೊದಲ ಸಲ ಮಣ್ಣು ತೆಗೆದಾಗ ಬರೀ ಒಟ್ಟು ಇಂಗಾಲ ಅಳೆಯುತ್ತೀರೋ, ಬಿಡಿ ಇಂಗಾಲ, ಅಂಟಿದ ಇಂಗಾಲ ಬೇರೆ ಮಾಡಿ ಅಳೆಯುತ್ತೀರೋ? ಎಷ್ಟು ಆಳ? ಹತ್ತು ವರ್ಷದಲ್ಲಿ ಮತ್ತೆ ಎಷ್ಟು ಸಲ ಅಳೆಯುತ್ತೀರಿ? ಅಳತೆಗೂ ಮಾದರಿಗೂ ತಾಳೆ ಆಗದಿದ್ದರೆ ಯಾವುದನ್ನು ನಂಬುತ್ತೀರಿ? ನಡುವೆ ಮಾದರಿಯ ಅಂಕಿ ತಿದ್ದಿದರೆ ನಮಗೆ ಹೇಳುತ್ತೀರಾ? ಲೆಕ್ಕ ಕಡಿಮೆ ಬಂದರೆ ಕೊಟ್ಟ ದುಡ್ಡು ವಾಪಸ್ ಕೇಳುತ್ತೀರಾ?

ಈ ಪ್ರಶ್ನೆಗಳನ್ನು ನಾವು ಒಂದು ಹಾಳೆಯಲ್ಲಿ ಬರೆದು ದೊಡ್ಡಪ್ಪನಿಗೆ ಕೊಟ್ಟೆವು. ಅವರು ಅದನ್ನು ಮಣ್ಣು ಕಾರ್ಡಿನ ಜೊತೆ ಮಡಚಿ ಇಟ್ಟುಕೊಂಡರು. ಕಂಪನಿಯ ಹುಡುಗ ಮತ್ತೆ ಬಂದಾಗ ಓದಿ ಹೇಳಿದರಂತೆ. “ಮೇಲಿನೋರ್ನ ಕೇಳಿ ಹೇಳ್ತೀನಿ ಯಜಮಾನ್ರೆ” ಅಂದನಂತೆ ಹುಡುಗ. ಪಾಪ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ. ಸಹಿ ಇನ್ನೂ ಆಗಿಲ್ಲ. ಈ ಸಲ ದಂಟು ಮಾತ್ರ ಸುಡಲಿಲ್ಲ, ಬೇಸಿಗೆಯಲ್ಲಿ ಎರಡು ಎಕರೆಗೆ ಕೆರೆಗೋಡು ಬಿದ್ದಿದೆ.

ನಿಮ್ಮ ಊರಿಗೂ ಇಂಥ ಕಾಗದ ಬಂದಿದ್ದರೆ ಈ ಪ್ರಶ್ನೆಗಳನ್ನು ಕೇಳಿ ನೋಡಿ, ಏನು ಉತ್ತರ ಬಂತು ಅಂತ ನಮಗೆ ತಿಳಿಸಿ. ದೊಡ್ಡಪ್ಪನ ಹಾಳೆಗೆ ಉತ್ತರ ಬಂದ ದಿನ ನಾವೂ ಇಲ್ಲೇ ಬರೆಯುತ್ತೇವೆ.